ಪೂಜೆಯಲ್ಲಿ ಮೊದಲ ಸಲ ವಾಚನ ಓದುವ ತಂಗಿಗೆ

ಮುಂಬೈಯ ಮುಲುಂಡಿನಿಂದ ಪ್ರಶ್ನೆ ಹಾಕಿದ ತಂಗಿಗೆ ಈ ಉತ್ತರ. ಉದ್ದ ಆಗುತ್ತದೆ, ಪುರುಸೊತ್ತಾದಾಗ ಓದಿ.

ನೀವು ಬರೆದದ್ದು ಇಷ್ಟು: ಜನವರಿಯಲ್ಲಿ ಚರ್ಚಿನ ಕನ್ನಡ ಪೂಜೆಯಲ್ಲಿ ಮೊದಲನೆಯ ವಾಚನ, ಅಂದರೆ ಮೊದಲ ಬೈಬಲ್ ಪಾಠ, ಓದಲು ಫಾದರ್ ನಿಮ್ಮ ಹೆಸರು ಕೊಟ್ಟಿದ್ದಾರೆ. ಪಾಠ ಬಾಲಕ ಸಮುವೇಲನನ್ನು ದೇವರು ರಾತ್ರಿ ಹೆಸರು ಹಿಡಿದು ಕರೆದದ್ದು, ಮುದುಕ ಯಾಜಕ ಏಲಿಯೇ ಕರೆದರೆಂದು ಅವನು ಮೂರು ಸಲ ಏಲಿಯ ಬಳಿಗೆ ಓಡಿದ್ದು. ಶಾಲೆ ಇಂಗ್ಲಿಷ್ ಮೀಡಿಯಂ, ಕನ್ನಡ ಅಕ್ಷರ ಅಮ್ಮ ಮನೆಯಲ್ಲಿ ಕಲಿಸಿದಷ್ಟೇ. ಮೈಕ್ ಕಂಡರೆ ಕೈ ನಡುಗುತ್ತದೆ. ಮೊಬೈಲ್ ನೋಡಿ ಓದಬಹುದಾ, ದೇವರಿಗೆ ಒಂದು ದನಿ, ಹುಡುಗನಿಗೆ ಒಂದು ದನಿ ಮಾಡಬೇಕಾ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಮೇಲೆ ಉತ್ತರ ಹಾಕಿದವರಲ್ಲಿ ಒಬ್ಬರು "ನಾಟಕದ ಹಾಗೆ ಭಾವ ತುಂಬಿ ಓದಿ" ಅಂದಿದ್ದಾರೆ, ಇನ್ನೊಬ್ಬರು "ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹೋಗಿ" ಅಂದಿದ್ದಾರೆ. ಎರಡಕ್ಕೂ ನನ್ನ ತಕರಾರುಂಟು.

ಮೊದಲು ಪಠ್ಯದ ವಿಷಯ. ನಿಮ್ಮ ಪಾಠ ಸಾಧಾರಣ ಕಾಲದ 2ನೇ ಭಾನುವಾರದ್ದು, 'ಬಿ' ವರ್ಷದ್ದು. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ ಎಂಬುದು ನಿಮಗೆ ಗೊತ್ತಿರಬಹುದು. ಶುಭಸಂದೇಶ, ಅಂದರೆ ಯೇಸುವಿನ ಕಥೆಯ ಪಾಠ, 'ಎ' ವರ್ಷಕ್ಕೆ ಮತ್ತಾಯನದು, 'ಬಿ'ಗೆ ಮಾರ್ಕನದು, 'ಸಿ'ಗೆ ಲೂಕನದು. ಯೊವಾನ್ನ ಮೂರರಲ್ಲೂ ಅಲ್ಲಲ್ಲಿ ಬರುತ್ತಾನೆ. ನಿಮ್ಮ ಪಾಠ ಸಮುವೇಲನ ಮೊದಲನೆಯ ಗ್ರಂಥದ 3ನೇ ಅಧ್ಯಾಯದಲ್ಲಿ 3ನೇ ವಚನದ ನಡುವಿನಿಂದ 10ರವರೆಗೆ, ಆಮೇಲೆ ನೇರ 19ಕ್ಕೆ ಹಾರುತ್ತದೆ. ಈ ಹಾರುವ ಜಾಗ ನೆನಪಿಡಿ, ಮುಂದೆ ಹೇಳುತ್ತೇನೆ.

ಇದನ್ನು ಮೊಬೈಲಿನ ಯಾವುದೋ ಬೈಬಲ್ ಆ್ಯಪ್ ನೋಡಿ ಅಭ್ಯಾಸ ಮಾಡಬೇಡಿ. ಕನ್ನಡದಲ್ಲಿ ಹಳೆಯ ಅನುವಾದ ಬೇರೆ, ಕಥೋಲಿಕರು ಪೂಜೆಯಲ್ಲಿ ಓದುವುದು ಬೇರೆ. ಹಳೆಯದರಲ್ಲಿ "ಯೆಹೋವನು" ಎಂದಿರುವಲ್ಲಿ ನಮ್ಮದರಲ್ಲಿ "ಸರ್ವೇಶ್ವರ" ಎಂದಿರುತ್ತದೆ, "ಕರೆದನು" ಎಂಬಲ್ಲಿ "ಕರೆದರು". ದೇವರ ಆ ಹೀಬ್ರೂ ಹೆಸರನ್ನು ಪೂಜಾವಿಧಿಯಲ್ಲಿ ಉಚ್ಚರಿಸಬಾರದು ಎಂದು 2008ರಲ್ಲಿ ರೋಮಿನಿಂದ ಧರ್ಮಾಧ್ಯಕ್ಷರಿಗೆ ಪತ್ರವೇ ಬಂದಿದೆ. ಒಂದು ವಾರ ಒಂದು ಪಠ್ಯ ಬಾಯಿಗೆ ಕೂರಿಸಿಕೊಂಡು ಭಾನುವಾರ ಪೀಠದಲ್ಲಿ ಇನ್ನೊಂದನ್ನು ಕಂಡರೆ ನಾಲಿಗೆ ಖಂಡಿತ ತಡವರಿಸುತ್ತದೆ. ಆದ್ದರಿಂದ ಈ ಭಾನುವಾರವೇ ಸಕ್ರಿಸ್ಟಿಗೆ (ಪೂಜೆಯ ಸಾಮಾನು ಇಡುವ ಚರ್ಚಿನ ಕೋಣೆ) ಹೋಗಿ ವಾಚನಗ್ರಂಥದ ಆ ಪುಟದ ಫೋಟೊ ತೆಗೆದುಕೊಳ್ಳಿ, ಜೆರಾಕ್ಸ್ ಆದರೆ ಇನ್ನೂ ಒಳ್ಳೆಯದು. ಅಭ್ಯಾಸಕ್ಕೆ ಮೊಬೈಲ್ ಫೋಟೊ ಪರವಾಗಿಲ್ಲ, ಪೂಜೆಯಲ್ಲಿ ಮಾತ್ರ ಗ್ರಂಥದಿಂದಲೇ ಓದಬೇಕು. ಗ್ರಂಥದ ಜಾಗದಲ್ಲಿ ಬಿಡಿ ಹಾಳೆ, ಪಾಂಪ್ಲೆಟ್ ಇಟ್ಟುಕೊಳ್ಳಬಾರದು ಎಂದು ಯಾವ ದಿನ ಯಾವ ವಾಚನ ಎಂದು ಗೊತ್ತುಮಾಡುವ ವಾಚನಗಳ ಕ್ರಮದ ಪೀಠಿಕೆಯಲ್ಲೇ ಇದೆ. ಅದೂ ಅಲ್ಲದೆ ಓದುತ್ತಿರುವಾಗ ಪರದೆಯ ಮೇಲೆ ಯಾರದ್ದೋ ಕರೆ ಬಂದರೆ ಏನು ಮಾಡುತ್ತೀರಿ ಹೇಳಿ!

ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವ ಸಲಹೆ. ದಯವಿಟ್ಟು ಬೇಡ. ನಮ್ಮ ಮುಂಬೈ ಮಕ್ಕಳು ಕೆಲವರು ದೇವನಾಗರಿಯಲ್ಲೂ ಬರೆದುಕೊಳ್ಳುತ್ತಾರೆ, ಮರಾಠಿ ಓದಿ ರೂಢಿ ಇರುತ್ತದಲ್ಲ. ಆದರೆ ಮರಾಠಿ ಬರೆಯುವ ರೀತಿಯಲ್ಲಿ ಎ–ಏ, ಒ–ಓ ಎಂಬ ಭೇದವೇ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಂತೂ ದೀರ್ಘ, ಹ್ರಸ್ವ, ಲ, ಳ, ನ, ಣ ಎಲ್ಲ ಒಂದೇ ಗುಂಪು. ನಿಮ್ಮ ಪಾಠದಲ್ಲಿ ಬರುವ ಯಾಜಕ ಏಲಿ, ದೀರ್ಘ ಏ. ಎಳೆದು ಹೇಳದಿದ್ದರೆ ಹಿಂದಿನ ಬೆಂಚಿನವರಿಗೆ ಹುಡುಗ ಇಲಿಯ ಹತ್ತಿರ ಓಡಿದಂತೆ ಕೇಳುತ್ತದೆ. ನಗಬೇಡಿ, ಮಕ್ಕಳು ನಕ್ಕೇ ನಗುತ್ತಾರೆ. ನಿಧಾನವಾದರೂ ಕನ್ನಡ ಅಕ್ಷರದಲ್ಲೇ ಓದಿ. ಇನ್ನೂ ಮೂರು ವಾರ ಇದೆ. ದಿನಾ ಹತ್ತು ನಿಮಿಷ 'ಕರ್ನಾಟಕ ಮಲ್ಲ'ವನ್ನೋ 'ಉದಯವಾಣಿ'ಯನ್ನೋ ಜೋರಾಗಿ ಓದಿ. ಕಣ್ಣಲ್ಲಿ ಓದಿದರೆ ಪ್ರಯೋಜನ ಇಲ್ಲ, ಬಾಯಿಗೆ ಕೆಲಸ ಕೊಡಬೇಕು.

ಈಗ ಮುಖ್ಯ ಮಾತು. ಕನ್ನಡದಲ್ಲಿ ಓದುವವರಲ್ಲಿ ಹತ್ತಕ್ಕೆ ಎಂಟು ಮಂದಿ ಮಾಡುವ ತಪ್ಪು ಒಂದೇ, ವಾಕ್ಯದ ಕೊನೆಯನ್ನು ನುಂಗುವುದು. ಶುರುವಿನಲ್ಲಿ ಜೋರು, ನಡುವೆ ಸಾಧಾರಣ, ಕೊನೆಗೆ ಬರುವಾಗ ಉಸಿರು ಮುಗಿದು ದನಿ ಹೊಟ್ಟೆಗೆ ಇಳಿದಿರುತ್ತದೆ. ನಮ್ಮ ಭಾಷೆಯಲ್ಲಿ ಹೌದೋ ಅಲ್ಲವೋ ಎಂಬುದು ಕುಳಿತಿರುವುದೇ ಆ ಕೊನೆಯಲ್ಲಿ. ನಿಮ್ಮ ಪಾಠದಲ್ಲೇ ನೋಡಿ. ಹುಡುಗ ಓಡಿ ಬಂದಾಗ ಏಲಿ ಹೇಳುವುದು "ನಾನು ಕರೆಯಲಿಲ್ಲ" ಎಂದು. "ಇಲ್ಲ" ನುಂಗಿದರೆ ಉಳಿಯುವುದು "ನಾನು ಕರೆಯಲಿ". ಅರ್ಥ ಎಲ್ಲಿಗೆ ಹೋಯಿತು! ಪೌಲನ ಪತ್ರಗಳಲ್ಲಂತೂ ಇದು ಹೆಜ್ಜೆ ಹೆಜ್ಜೆಗೂ ಬರುತ್ತದೆ. ಪ್ರೀತಿ ಅಸೂಯೆ ಪಡುವುದಿಲ್ಲ, ಗರ್ವ ಪಡುವುದಿಲ್ಲ ಎಂಬ ಆ ಕೊರಿಂಥದವರ ಪತ್ರದ ಭಾಗವನ್ನು ಮದುವೆಗಳಲ್ಲಿ ಕೇಳಿದ್ದೀರಲ್ಲ, ಒಂದೊಂದು "ಇಲ್ಲ"ವೂ ಕೊನೆಯ ಬೆಂಚಿಗೆ ಮುಟ್ಟಬೇಕು. ಅದಕ್ಕೆ ಉಪಾಯ ಸರಳ. ಜೆರಾಕ್ಸ್ ಪ್ರತಿಯಲ್ಲಿ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಕೊನೆಯ ಕ್ರಿಯಾಪದಕ್ಕೆ ಮಾತ್ರ ಗೆರೆ ಎಳೆಯಿರಿ. ಬೇರೆ ಯಾವುದಕ್ಕೂ ಬೇಡ. ಉಸಿರನ್ನು ಆ ಗೆರೆಯವರೆಗೆ ಉಳಿಸಿಕೊಳ್ಳಿ. ಅಷ್ಟು ದೂರ ಉಸಿರು ಬರುವುದಿಲ್ಲ ಎಂದರೆ ನಡುವೆ ಎಲ್ಲಿ ತೆಗೆದುಕೊಳ್ಳುವುದು ಎಂದು ಮೊದಲೇ ಗುರುತು ಹಾಕಿ. "ಎಂದು", "ಆಗ", "ಆದ್ದರಿಂದ" ಇಂಥವುಗಳ ಬಳಿ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಗುರುತು ಗ್ರಂಥದಲ್ಲಿ ಹಾಕಬೇಡಿ, ಮುಂದಿನವರಿಗೆ ಕಿರಿಕಿರಿ.

ಎರಡನೆಯದು "ಎಂದನು". ಇಂಗ್ಲಿಷಿನಲ್ಲಿ ಯಾರು ಹೇಳಿದರು ಎಂಬುದು ಸಾಮಾನ್ಯವಾಗಿ ಮೊದಲು ಬರುತ್ತದೆ, ನಮ್ಮಲ್ಲಿ ಎಷ್ಟೋ ಕಡೆ ಮಾತು ಮುಗಿದ ಮೇಲೆ. ನಿಮ್ಮ ಪಾಠದಲ್ಲಿ ಮೂರು ಜನ ಮಾತಾಡುತ್ತಾರೆ, ಮಾತುಗಳೂ ಚಿಕ್ಕ ಚಿಕ್ಕವು. ಒಂದೇ ಓಟದಲ್ಲಿ ಓದಿದರೆ "ಇದ್ದೇನೆ, ನನ್ನನ್ನು ಕರೆದಿರಲ್ಲಾ" ಅಂದದ್ದು ಹುಡುಗನೋ ಮುದುಕನೋ ತಿಳಿಯುವುದಿಲ್ಲ. ಇದಕ್ಕೆ ದನಿ ಬದಲಿಸುವ ಅಗತ್ಯ ಇಲ್ಲ. ಒಬ್ಬರ ಮಾತು ಮುಗಿದು "ಎಂದನು" ಬಂದ ಮೇಲೆ ಅರ್ಧ ಉಸಿರಿನಷ್ಟು ನಿಲ್ಲಿ, ಮುಂದಿನವರ ಮಾತನ್ನು ಸ್ವಲ್ಪ ಹೊಸ ಎತ್ತರದಿಂದ ಎತ್ತಿಕೊಳ್ಳಿ. ಕಿವಿಗೆ ಅಷ್ಟು ಸಾಕು. ನಾಟಕದ ದನಿಗೆ ನನ್ನ ವಿರೋಧ ಯಾಕೆಂದರೆ ದೇವರಿಗೆ ಗಡಸು ದನಿ, ಸಮುವೇಲನಿಗೆ ಕೀಚಲು ದನಿ ಮಾಡಿದ ಕೂಡಲೇ ಜನ ಪಾಠ ಬಿಟ್ಟು ನಿಮ್ಮನ್ನು ಕೇಳತೊಡಗುತ್ತಾರೆ. ನಮ್ಮ ಮುಂಬೈ ಕನ್ನಡಿಗರಿಗೆ ರಂಗಭೂಮಿ, ಯಕ್ಷಗಾನ ಎರಡೂ ರಕ್ತದಲ್ಲೇ ಉಂಟು, ಒಪ್ಪುತ್ತೇನೆ. ಅದಕ್ಕೆ ಬೇರೆ ವೇದಿಕೆ ಉಂಟು. ಹಾಗೆಂದು ಬ್ಯಾಂಕಿನ ಸುತ್ತೋಲೆಯ ಥರ ಒಣಗಿಸಿ ಓದಬೇಕೆಂದೂ ಅಲ್ಲ. ಅರ್ಥ ಗೊತ್ತಿದ್ದು ಓದಿದರೆ ಬೇಕಾದಷ್ಟು ಭಾವ ತಾನಾಗಿ ಬರುತ್ತದೆ.

ಅರ್ಥಕ್ಕಾಗಿ ಸಮುವೇಲನ ಮೊದಲ ಮೂರು ಅಧ್ಯಾಯ ಪೂರ್ತಿ ಓದಿ, ಅರ್ಧ ಗಂಟೆಯ ಕೆಲಸ. ಪೂಜೆಯ ಪಾಠದಲ್ಲಿ ಬಿಟ್ಟುಹೋದದ್ದರಲ್ಲೇ ಕಥೆಯ ತೂಕ ಇದೆ. ಆ ಕಾಲದಲ್ಲಿ ದೇವರ ವಾಣಿ ಕೇಳಿಬರುವುದೇ ಅಪರೂಪವಾಗಿತ್ತು ಎಂದು ಅಧ್ಯಾಯ ಶುರುವಾಗುತ್ತದೆ. ಏಲಿಗೆ ಕಣ್ಣು ಮಂಜಾಗಿದೆ. ರಾತ್ರಿ ಹುಡುಗ ಎದ್ದು ಓಡಿ ಬಂದದ್ದು ಈ ಕಣ್ಣು ಕಾಣದ ಅಜ್ಜನಿಗೆ ಏನೋ ಬೇಕಾಗಿರಬೇಕು ಎಂದುಕೊಂಡು. ಆಮೇಲೆ 11ರಿಂದ 18ರವರೆಗೆ ದೇವರು ಆ ಹುಡುಗನಿಗೆ ಹೇಳುವುದು ಏಲಿಯ ಮನೆತನಕ್ಕೆ ಬರುವ ಶಿಕ್ಷೆಯನ್ನೇ. ಅಂದರೆ ಯಾರ ವಿರುದ್ಧ ತೀರ್ಪು ಬರಲಿದೆಯೋ ಅದೇ ಮುದುಕ, "ಇನ್ನೊಮ್ಮೆ ಕರೆದರೆ ಹೀಗೆ ಹೇಳು" ಎಂದು ಹುಡುಗನಿಗೆ ದಾರಿ ತೋರಿಸುತ್ತಾನೆ. ಇದು ತಿಳಿದ ಮೇಲೆ ಏಲಿಯ ಮಾತನ್ನು ನಿದ್ದೆಗೆಟ್ಟ ಮುದುಕನ ಗೊಣಗಾಟದ ಹಾಗೆ ಓದಲು ಮನಸ್ಸೇ ಬರುವುದಿಲ್ಲ.

ಅದೇ ದಿನದ ಶುಭಸಂದೇಶವನ್ನೂ ನೋಡಿ. ಯೊವಾನ್ನ 1ನೇ ಅಧ್ಯಾಯ, 35ರಿಂದ 42. ಸ್ನಾನಿಕ ಯೊವಾನ್ನ ತನ್ನ ಇಬ್ಬರು ಶಿಷ್ಯರಿಗೆ ಯೇಸುವನ್ನು ತೋರಿಸುತ್ತಾನೆ, ಅವರು ಇವನನ್ನು ಬಿಟ್ಟು ಯೇಸುವಿನ ಹಿಂದೆ ಹೋಗುತ್ತಾರೆ. ಸಾಧಾರಣ ಕಾಲದ ಭಾನುವಾರಗಳಲ್ಲಿ ಮೊದಲನೆಯ ವಾಚನವನ್ನು ಶುಭಸಂದೇಶಕ್ಕೆ ಜೋಡಿಯಾಗಿಯೇ ಆರಿಸಿರುತ್ತಾರೆ. ಅಲ್ಲಿ ಯೊವಾನ್ನ ಮಾಡಿದ್ದನ್ನು ಇಲ್ಲಿ ಏಲಿ ಮಾಡುತ್ತಾನೆ. ಹಾಗಾಗಿ ನಿಮ್ಮ ಪಾಠದಲ್ಲಿ ಒತ್ತು ಬೀಳಬೇಕಾದ ಜಾಗ ಆ ಕರೆಗಳಿಗಿಂತ ಹೆಚ್ಚಾಗಿ ಏಲಿಗೆ ಹೊಳೆಯುವ ಕ್ಷಣ ಎಂಬುದು ನನ್ನ ಲೆಕ್ಕ. ಮೂರು ಕರೆಗಳನ್ನೂ ಒಂದೇ ಮಟ್ಟದಲ್ಲಿ ಓದಿ, ಮೆಟ್ಟಿಲು ಹತ್ತಿದಂತೆ ಏರಿಸಬೇಡಿ. ದೇವರೇ ಕರೆಯುತ್ತಿರುವುದು ಎಂದು ಏಲಿಗೆ ತಿಳಿಯಿತು ಎಂಬಲ್ಲಿ ನಿಧಾನಿಸಿ. ನಾಲ್ಕನೆಯ ಸಲ ಹೆಸರು ಎರಡು ಬಾರಿ ಬರುತ್ತದೆ, "ಸಮುವೇಲನೇ, ಸಮುವೇಲನೇ". ಎರಡರ ನಡುವೆ ಅವಸರ ಬೇಡ.

ಹಾರುವ ಜಾಗ ಅಂದೆನಲ್ಲ. 10ನೇ ವಚನದಲ್ಲಿ ಹುಡುಗ "ಮಾತನಾಡಿ, ನಿಮ್ಮ ದಾಸ ಕೇಳುತ್ತಿದ್ದಾನೆ" ಎನ್ನುತ್ತಾನೆ. ಮುಂದಿನ ಸಾಲಿನಲ್ಲಿ ಅವನು ಬೆಳೆದು ದೊಡ್ಡವನಾಗುತ್ತಿದ್ದಾನೆ. ಪುಟದಲ್ಲಿ ಎರಡೂ ಅಂಟಿಕೊಂಡೇ ಇರುತ್ತವೆ, ನಡುವೆ ಕಾಲ ಸರಿದದ್ದು ಕೇಳುವವರಿಗೆ ಗೊತ್ತಾಗಬೇಕಾದರೆ ನೀವು ನಿಲ್ಲಬೇಕು. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸಿ ಆಮೇಲೆ ಶುರುಮಾಡಿ. ನಿಮಗೆ ಅದು ಯುಗದಷ್ಟು ಉದ್ದ ಅನಿಸುತ್ತದೆ, ಕೇಳುವವರಿಗೆ ಹಾಗನಿಸುವುದಿಲ್ಲ. ಇಡೀ ಪಾಠಕ್ಕೆ ಎರಡು ನಿಮಿಷದ ಆಸುಪಾಸು ಬೇಕು. ಒಂದೇ ನಿಮಿಷಕ್ಕೆ ಮುಗಿಯಿತೆಂದರೆ ಫಾಸ್ಟ್ ಲೋಕಲ್ ಓಡಿಸಿದಿರಿ ಅಂತ.

ಆ ದಿನದ ಕ್ರಮ ಬೇಗ ಹೇಳಿಬಿಡುತ್ತೇನೆ. ಇಪ್ಪತ್ತು ನಿಮಿಷ ಮೊದಲೇ ಹೋಗಿ ಗ್ರಂಥದಲ್ಲಿ ಪುಟ ತೆರೆದು ನೋಡಿ, ರಿಬ್ಬನ್ ಸರಿಯಾದ ಜಾಗದಲ್ಲಿದೆಯಾ ಎಂದು. ಮೈಕ್ ಬಾಯಿಗೆ ಒಂದು ಗೇಣು ದೂರ ಇರಲಿ, ಊದುವುದು, ತಟ್ಟುವುದು ಬೇಡ. ಫ್ಯಾನಿನ ಗಾಳಿಗೆ ಪುಟ ಹಾರುತ್ತದಾ ನೋಡಿಕೊಳ್ಳಿ. ಹಳೆಯ ಕಲ್ಲಿನ ಚರ್ಚಾದರೆ ಪ್ರತಿಧ್ವನಿ ಇರುತ್ತದೆ, ಇನ್ನೂ ನಿಧಾನ ಓದಬೇಕು. ಆರಂಭದ ಪ್ರಾರ್ಥನೆಗೆ ಆಮೆನ್ ಹೇಳಿ ಎಲ್ಲರೂ ಕುಳಿತ ಮೇಲೆ ಎದ್ದು ಬನ್ನಿ, ಬಲಿಪೀಠಕ್ಕೆ ತಲೆಬಾಗಿ ವಾಚನಪೀಠಕ್ಕೆ ಹೋಗಿ. "ಮೊದಲನೆಯ ವಾಚನ" ಎಂಬ ತಲೆಬರಹ, ಅದರ ಕೆಳಗಿನ ಸಾರಾಂಶದ ಸಾಲು, ಅಧ್ಯಾಯ, ವಚನದ ಸಂಖ್ಯೆ ಯಾವುದನ್ನೂ ಓದಬೇಡಿ. ಯಾವ ಗ್ರಂಥದಿಂದ ವಾಚನ ಎಂಬ ಸಾಲಿನಿಂದಲೇ ಶುರು. ಮುಗಿದ ಮೇಲೆ ಒಂದು ಉಸಿರು ನಿಂತು, ತಲೆಯೆತ್ತಿ, ಕೊನೆಯ ಘೋಷಣೆಯನ್ನು ಗ್ರಂಥದಲ್ಲಿ ಅಚ್ಚಾಗಿರುವಂತೆಯೇ ಹೇಳಿ, ಸ್ವಂತದ ಪದ ಸೇರಿಸದೆ. ಜನರ ಉತ್ತರ ಮುಗಿಯುವವರೆಗೆ ಅಲ್ಲೇ ಇರಿ. ಹಾಡುವವರು ಇಲ್ಲದಿದ್ದರೆ ಈ ವಾಚನದ ನಂತರ ಬರುವ ಕೀರ್ತನೆಯೂ ನಿಮ್ಮ ಪಾಲಿಗೇ ಬರಬಹುದು, ಫಾದರ್ ಹತ್ತಿರ ಈಗಲೇ ಕೇಳಿಡಿ. ಆ ದಿನ 40ನೇ ಕೀರ್ತನೆ. ಪಲ್ಲವಿಯನ್ನು ಮೊದಲ ಸಲ ಬಿಡಿಸಿ ಹೇಳಿದರೆ ಜನ ಆಮೇಲೆ ತಾವಾಗಿ ಹಿಡಿದುಕೊಳ್ಳುತ್ತಾರೆ.

ನಡುವೆ ಯಾರೋ "ಹೆಂಗಸರು ಓದಬಹುದಾ" ಎಂದು ಕೇಳಿದ್ದಾರೆ. ಎಷ್ಟೋ ವರ್ಷಗಳಿಂದ ಓದುತ್ತಲೇ ಇದ್ದಾರೆ ಮಾರಾಯ್ರೇ. ವಿಧಿವತ್ತಾಗಿ ನೇಮಕವಾಗುವ ವಾಚಕರ ಸ್ಥಾನ ಮಾತ್ರ ಗಂಡಸರಿಗೆ ಮೀಸಲಿತ್ತು, ಅದನ್ನೂ ಪೋಪ್ ಫ್ರಾನ್ಸಿಸ್ 2021ರ ಜನವರಿಯಲ್ಲಿ ಹೆಂಗಸರಿಗೆ ತೆರೆದಿದ್ದಾರೆ.

ಕೈ ನಡುಗುವುದಕ್ಕೆ ಮದ್ದಿಲ್ಲ. ಎರಡು ಕೈಗಳನ್ನೂ ಪೀಠದ ಅಂಚಿನ ಮೇಲೆ ಇಡಿ, ಯಾರಿಗೂ ಕಾಣುವುದಿಲ್ಲ. ಪದ ತಪ್ಪಿದರೆ "ಸಾರಿ" ಹೇಳಬೇಡಿ, ಆ ವಾಕ್ಯದ ಆರಂಭಕ್ಕೆ ಹೋಗಿ ಇನ್ನೊಮ್ಮೆ ಓದಿ. ಚಿಕ್ಕ ತಪ್ಪಾದರೆ ಹಾಗೇ ಮುಂದೆ ಹೋಗಿ.

ಬೇಕಿದ್ದರೆ ನಿಮ್ಮ ಓದನ್ನು ವಾಯ್ಸ್ ನೋಟ್ ಮಾಡಿ ಇಲ್ಲೇ ಹಾಕಿ, ಕೇಳಿ ಹೇಳುತ್ತೇನೆ. ಮೊದಲು ಅಮ್ಮನಿಗೆ ಕೇಳಿಸಿ, ಪುಸ್ತಕ ಅವರ ಕೈಗೆ ಕೊಡದೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಅವರಿಗೆ ಕಥೆ ಅರ್ಥವಾದರೆ ಚರ್ಚಿನಲ್ಲೂ ಆಗುತ್ತದೆ. ಶನಿವಾರ ರಾತ್ರಿ ಮಾತ್ರ ಕಳಿಸಬೇಡಿ, ಆಗ ತಿದ್ದಿದರೆ ಇರುವ ಧೈರ್ಯವೂ ಹೋಗುತ್ತದೆ. ಬುಧವಾರದೊಳಗೆ ಹಾಕಿ.