ಕಾಲೇಜು ಶುರುವಾಗುವುದು ಕ್ಲಾಸ್ ಮುಗಿದ ಮೇಲೆ

ನೀವು ಕೇಳಿದ್ದು ಇಷ್ಟು: "ಪಿಯುಸಿ ಮುಗಿಸಿ ಬಿಎಸ್ಸಿಗೆ ಸೇರುತ್ತಿದ್ದೇನೆ. ಕಾಲೇಜು ಜೀವನ ನಾವು ಅಂದುಕೊಂಡ ಹಾಗೆ ಇರುತ್ತದಾ? ನಿಮಗೆ ಹೇಗಿತ್ತು?"

ನನಗೆ ಅಂದುಕೊಂಡ ಹಾಗೆ ಇರಲಿಲ್ಲ. ಅದಕ್ಕೆ ಕಾರಣ ಕಾಲೇಜು ಅಲ್ಲ, ಪಾಠ ಮಾಡಿದವರೂ ಅಲ್ಲ. ಸಂಜೆಯ ಪ್ಯಾಸೆಂಜರ್ ರೈಲು.

ನಮ್ಮೂರು ಕೆ.ಆರ್. ನಗರದ ಪಕ್ಕದ ಹಳ್ಳಿ. ಸುಮಾರು ಹತ್ತು ವರ್ಷದ ಹಿಂದೆ ಮೈಸೂರಿನಲ್ಲಿ ಬಿಎಸ್ಸಿ ಓದಿದೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಮೂರು ವರ್ಷವೂ ಮನೆಯಿಂದಲೇ ಓಡಾಡಿದ್ದು.

ಸೇರುವ ಮೊದಲು ನನ್ನ ತಲೆಯಲ್ಲಿದ್ದ ಕಾಲೇಜೆಲ್ಲ ನಮ್ಮ ಚಿಕ್ಕಪ್ಪನ ಮಗಳು ಹೇಳಿದ್ದು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಮೈಸೂರಿನ ಹಾಸ್ಟೆಲ್‌ನಲ್ಲಿದ್ದು ಓದಿದವಳು. ಹಬ್ಬಕ್ಕೆ ಊರಿಗೆ ಬಂದರೆ ರಾತ್ರಿಯೆಲ್ಲ ಅದೇ ಮಾತು. ಸಂಜೆ ಎಲ್ಲರೂ ಸೇರಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದದ್ದು, ಹಾಸ್ಟೆಲ್ ಡೇ, ದಸರಾ ಬಂತೆಂದರೆ ಡ್ಯಾನ್ಸ್ ಪ್ರಾಕ್ಟೀಸ್, ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ರೂಮಿನಲ್ಲಿ ಹತ್ತು ಜನ ಕೂತು ಓದಿದ್ದು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅಕ್ಕ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಅವೆಲ್ಲ ನಡೆದದ್ದು ಸಂಜೆ ನಾಲ್ಕರ ಮೇಲೆ ಅನ್ನುವುದು ಆಗ ನನಗೆ ಹೊಳೆಯಲಿಲ್ಲ. ನಾಲ್ಕರ ಮೇಲೆ ನಾನು ಸ್ಟೇಷನ್ ದಾರಿಯಲ್ಲಿ ಓಡುತ್ತಿರುತ್ತಿದ್ದೆ.

ಕ್ಲಾಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಹೋಂವರ್ಕ್ ನೋಡುತ್ತಿದ್ದರು, ಟೆಸ್ಟ್ ಮಾರ್ಕ್ಸ್ ಕಡಿಮೆಯಾದರೆ ಅಪ್ಪನನ್ನು ಕರೆಸುತ್ತಿದ್ದರು. ಡಿಗ್ರಿಯಲ್ಲಿ ಅದಿಲ್ಲ. ನೀವು ಓದಿದಿರೋ ಬಿಟ್ಟಿರೋ, ಯಾರೂ ಕೇಳುವುದಿಲ್ಲ. ಹಾಜರಾತಿ ಮಾತ್ರ 75 ಪರ್ಸೆಂಟ್ ಬೇಕೇ ಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಇದು ಸ್ವಾತಂತ್ರ್ಯ ಅನಿಸುತ್ತದೆ. ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗೇ ನಡೆಸುವ ಟೆಸ್ಟುಗಳ ಮಾರ್ಕ್ಸ್ ಬೋರ್ಡಿಗೆ ಹಾಕಿದ ದಿನ ಭಯವಾಗುತ್ತದೆ. "ಎರಡು ವರ್ಷ ಕಷ್ಟಪಡು, ಆಮೇಲೆ ಎಲ್ಲ ಆರಾಮ" ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ, ಅಲ್ವಾ? ಆ ಮಾತನ್ನು ನಂಬಬೇಡಿ. ಮೂರು ವಿಷಯಗಳಿಗೂ ಲ್ಯಾಬ್ ಅಥವಾ ಅಸೈನ್‌ಮೆಂಟ್ ಇರುತ್ತದೆ. ಆರು ತಿಂಗಳಿಗೊಂದು ಸೆಮಿಸ್ಟರ್ ಅನ್ನುತ್ತಾರೆ, ಪಾಠಕ್ಕೆ ಸಿಗುವುದು ನಾಲ್ಕು ತಿಂಗಳೂ ಕಷ್ಟ.

ರೈಲಿನ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಅಪ್ಪ ಟಿವಿಎಸ್‌ನಲ್ಲಿ ಕೆ.ಆರ್. ನಗರ ಸ್ಟೇಷನ್‌ವರೆಗೆ ಬಿಡುತ್ತಿದ್ದರು. ಅಲ್ಲಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರ್. ಗಾಡಿ ಹಾಸನದ ಕಡೆಯಿಂದ ಬರುವ ಹೊತ್ತಿಗೆ ತುಂಬಿರುತ್ತಿತ್ತು. ಅಕ್ಕಿಹೆಬ್ಬಾಳಿನಲ್ಲಿ ಹತ್ತುವ ಬಿಕಾಂ ಹುಡುಗಿಯೊಬ್ಬಳು ಕಿಟಕಿ ಪಕ್ಕ ಕರ್ಚೀಫ್ ಹಾಕಿ ನನಗೆ ಸೀಟು ಹಿಡಿದಿಡುತ್ತಿದ್ದಳು. ಮೂರು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ. ನಮ್ಮ ಕ್ಲಾಸಿನವರಿಗಿಂತ ಅವಳೇ ನನಗೆ ಹತ್ತಿರವಾದಳು. ಎದುರು ಸೀಟಿನಲ್ಲಿ ಒಬ್ಬರು ಹೈಸ್ಕೂಲ್ ಗಣಿತದ ಮೇಷ್ಟ್ರು ಕೂರುತ್ತಿದ್ದರು. ನನಗೆ ಇಂಟಿಗ್ರೇಷನ್ ಕೈಗೆ ಬಂದದ್ದು ಸಾಗರಕಟ್ಟೆ ಮತ್ತು ಬೆಳಗೊಳದ ನಡುವೆ, ಅವರು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ತೋರಿಸಿದಾಗ. ಸಾಗರಕಟ್ಟೆ ಸೇತುವೆ ಬಂದರೆ ಪೆನ್ನು ನಿಲ್ಲಿಸುತ್ತಿದ್ದರು. ಕೆಳಗೆ ಕೆಆರ್‌ಎಸ್ ಹಿನ್ನೀರು. "ಇದನ್ನ ನೋಡ್ಬಿಟ್ಟು ಆಮೇಲೆ ಮಾಡಣ" ಅನ್ನುತ್ತಿದ್ದರು. ಜೂನ್‌ನಲ್ಲಿ ಡೋರನಹಳ್ಳಿ ಸಂತ ಅಂತೋಣಿಯವರ ಹಬ್ಬ ಬಂದರೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಆ ದಿನ ಮಾತ್ರ ಲೆಕ್ಕಕ್ಕೆ ರಜೆ.

ಇದನ್ನೆಲ್ಲ ಆಗ ನಾನು ಕಾಲೇಜು ಜೀವನ ಅಂದುಕೊಂಡಿರಲಿಲ್ಲ. ಕಾಲೇಜಿಗೆ ಹೋಗುವ ದಾರಿ ಅಂದುಕೊಂಡಿದ್ದೆ.

ಮೊದಲ ವರ್ಷದ ದಸರಾ ಸಮಯದಲ್ಲಿ ತುಂಬ ಬೇಜಾರಾಯಿತು. ದಸರಾಕ್ಕೆ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ಬೇರೆ ಬೇರೆ ಕಾಲೇಜುಗಳ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು ಬಂದು ಕುಣಿಯುತ್ತಾರೆ. ನಮ್ಮ ಕಾಲೇಜಿನಿಂದಲೂ ತಂಡ ಇತ್ತು. ಹೈಸ್ಕೂಲಿನಲ್ಲಿ ನಾನು ಕೋಲಾಟ, ಜನಪದ ನೃತ್ಯ ಎಲ್ಲ ಮಾಡಿದ್ದೆ. ಹೆಸರು ಕೊಡಲು ಹೋದೆ. "ಪ್ರಾಕ್ಟೀಸ್ ದಿನಾ ನಾಲ್ಕೂವರೆಯಿಂದ ಏಳರವರೆಗೆ, ಇರ್ತೀರಾ?" ಅಂತ ಸೀನಿಯರ್ ಕೇಳಿದರು. ತಪ್ಪೇನೂ ಕೇಳಲಿಲ್ಲ ಅವರು. ಇಲ್ಲ ಅಂತ ಹೇಳಿ ಬಂದೆ. ಕಾರ್ಯಕ್ರಮದ ದಿನ ನೋಡಲೂ ಆಗಲಿಲ್ಲ, ಅದು ಶುರುವಾಗುವುದೇ ಸಂಜೆ. ಮಾರನೆಯ ದಿನ ಕ್ಲಾಸಿನಲ್ಲಿ ಎಲ್ಲರೂ ಫೋಟೋ ನೋಡಿಕೊಂಡು ನಗುತ್ತಿದ್ದರು. ನಾನೂ ನೋಡಿದೆ. ಮನೆಗೆ ಹೋಗಿ ಅವ್ವನ ಹತ್ತಿರ ಏನೂ ಹೇಳಲಿಲ್ಲ.

ಇದು ಬದಲಾಗಿದ್ದು ಎರಡನೇ ವರ್ಷ, ಫಿಸಿಕ್ಸ್ ಲ್ಯಾಬ್‌ನ ಡಾರ್ಕ್ ರೂಮಿನಲ್ಲಿ. ಸೋಡಿಯಂ ದೀಪದ ಹಳದಿ ಬೆಳಕನ್ನು ಗ್ರೇಟಿಂಗ್, ಅಂದರೆ ಒತ್ತೊತ್ತಾಗಿ ಗೆರೆಗಳಿರುವ ಗಾಜಿನ ಮೂಲಕ ಹಾಯಿಸಿ, ಸ್ಪೆಕ್ಟ್ರೋಮೀಟರ್ ಅನ್ನುವ ಉಪಕರಣದಲ್ಲಿ ಬೆಳಕು ತಿರುಗಿದ ಕೋನ ಅಳೆದು, ಆ ಬೆಳಕಿನ ತರಂಗದೂರ ಕಂಡುಹಿಡಿಯಬೇಕಿತ್ತು. ಉತ್ತರ 5893 ಆಂಗ್‌ಸ್ಟ್ರಾಮ್ (ತೀರಾ ಸಣ್ಣ ಉದ್ದ ಅಳೆಯುವ ಮಾನ) ಹತ್ತಿರ ಬರಬೇಕು. ನನಗೆ 5962 ಬಂತು. ಪಕ್ಕದವಳು, "ಸುಮ್ನೆ ಹಳೇ ರೆಕಾರ್ಡ್ ನೋಡಿ ರೀಡಿಂಗ್ ಬರ್ಕೊ, ನಿನಗೆ ಟ್ರೇನ್ ಮಿಸ್ ಆಗುತ್ತೆ" ಅಂದಳು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಎಲ್ಲಿ ತಪ್ಪಿದೆ ಅಂತ ತಿಳಿಯದೆ ಹೋಗಲು ಅವತ್ತು ಮನಸ್ಸು ಬರಲಿಲ್ಲ. ಮೇಡಂ ಹತ್ತಿರ ಹೋಗಿ, ಇನ್ನೊಂದು ಸಲ ಮಾಡಲಾ ಅಂತ ಕೇಳಿದೆ. ಅವರು ಗಡಿಯಾರ ನೋಡಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು.

ತಪ್ಪು ಸಣ್ಣದು. ಮುಖ್ಯ ಸ್ಕೇಲ್‌ನಲ್ಲಿ ಪ್ರತಿ ಡಿಗ್ರಿಯ ಮಧ್ಯೆ ಅರ್ಧ ಡಿಗ್ರಿಯ ಗೆರೆ ಇರುತ್ತದೆ. ಒಂದು ಕಡೆಯ ರೀಡಿಂಗ್ ತೆಗೆಯುವಾಗ ಅದನ್ನು ನಾನು ಬಿಟ್ಟಿದ್ದೆ. ಮತ್ತೆ ಅಳೆದೆ. 5897 ಬಂತು. ಆ ನಾಲ್ಕು ಅಂಕಿ ನೋಡಿದಾಗ ಆದ ಖುಷಿಯನ್ನು ಹೇಗೆ ಹೇಳಲಿ? ಬೆಳಕನ್ನು ನಾನು ಅಳೆದಿದ್ದೆ! ಪಿಯುಸಿ ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಸಂಖ್ಯೆ ಈಗ ನನ್ನ ಕೈಯಿಂದ ಬಂದಿತ್ತು. ಮೇಡಂ ಅಲ್ಲೇ ಕೂತು, ಎಂಎಸ್ಸಿ ಬಗ್ಗೆ ಯೋಚಿಸಿದ್ದೀಯಾ ಅಂತ ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಆ ಪದ ಬಳಸಿರಲಿಲ್ಲ. ಅದಕ್ಕೆ ಮಾನಸಗಂಗೋತ್ರಿಯಲ್ಲಿ ಪ್ರವೇಶ ಪರೀಕ್ಷೆ ಹೇಗಿರುತ್ತದೆ, ಯಾವ ಪುಸ್ತಕ ಓದಬೇಕು, ಎಲ್ಲ ಹೇಳಿದರು. ಒಂದು ವರ್ಷ ಅವರ ಕ್ಲಾಸಿನಲ್ಲಿ ಕೂತಿದ್ದೆ, ಅವರಿಗೆ ನನ್ನ ಹೆಸರು ಗೊತ್ತಾದದ್ದು ಅವತ್ತೇ.

ರೈಲು ಹೋಗಿತ್ತು. ಅಪ್ಪ ಫೋನ್ ಮಾಡಿ "ಎಲ್ಲಿದ್ದೀಯವ್ವಾ?" ಅಂದರು. ದನಿಯಲ್ಲಿ ಗಾಬರಿ ಇತ್ತು. ಲ್ಯಾಬ್ ಲೇಟಾಯಿತು, ಬಸ್ಸಿಗೆ ಬರುತ್ತೇನೆ ಅಂದೆ. ಇಲವಾಲ, ಬಿಳಿಕೆರೆ ಮೇಲೆ ಬರುವ ಬಸ್ಸು. ಇಳಿದಾಗ ಪೂರ್ತಿ ಕತ್ತಲಾಗಿತ್ತು. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಬೈಯಲಿಲ್ಲ. ದಾರಿಯುದ್ದಕ್ಕೂ ನಾನು ಸೋಡಿಯಂ ದೀಪದ ಕಥೆ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮನೆ ಹತ್ತಿರ ಬಂದಾಗ, "ಹಂಗಾದ್ರೆ ಲ್ಯಾಬ್ ಇರೋ ದಿನ ಬಸ್ಸಿಗೇ ಬಾ, ನಾನು ಬಂದು ನಿಂತಿರ್ತೀನಿ" ಅಂದರು.

ಅಲ್ಲಿಂದ ವಾರಕ್ಕೆ ಒಂದು ಸಂಜೆ ನನಗೆ ಸಿಕ್ಕಿತು. ಒಂದೇ ಒಂದು. ಆ ಒಂದು ಸಂಜೆಯಲ್ಲೇ ಲೈಬ್ರರಿ ಸಿಕ್ಕಿತು, ಮೇಡಂ ಹೇಳಿದ ಪುಸ್ತಕಗಳು ಸಿಕ್ಕವು, ಕುಕ್ಕರಹಳ್ಳಿ ಕೆರೆಯನ್ನೂ ನೋಡಿದೆ. ಅಕ್ಕ ಹೇಳಿದಷ್ಟೇ ಚೆನ್ನಾಗಿತ್ತು.

ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ಬಗ್ಗೆಯೂ ಹೇಳಲೇಬೇಕು. ಅದರಲ್ಲಿ ಏಳು ದಿನದ ವಿಶೇಷ ಶಿಬಿರ ಇರುತ್ತದೆ. ಕಾಲೇಜಿನಿಂದ ಹೋಗುವ ಶಿಬಿರ ಅಂತ ಮನೆಯಲ್ಲೂ ಒಪ್ಪಿದರು. ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಜಮಖಾನ ಹಾಸಿಕೊಂಡು ಮಲಗಿದೆವು. ಬೆಳಿಗ್ಗೆ ಶ್ರಮದಾನ, ಚರಂಡಿ ಕೆಲಸ. ಪೇಟೆಯ ಹುಡುಗಿಯರಿಗೆ ಗುದ್ದಲಿ ಹಿಡಿಯುವುದು ನಾನು ಹೇಳಿಕೊಟ್ಟೆ. ಸಂಜೆ ಊರಿನವರ ಮುಂದೆ ಕೋಲಾಟ ಆಡಿದೆವು. ಮೊದಲ ವರ್ಷ ತಪ್ಪಿಹೋದದ್ದು ಅಲ್ಲಿ ಸಿಕ್ಕಿತು.

ಅಲ್ಲಿ ಒಂದು ರಾತ್ರಿ ನಿದ್ದೆ ಬಾರದೆ ಮಾತಾಡುತ್ತಾ ಕೂತಿದ್ದೆವು. ನಮ್ಮ ಕ್ಲಾಸಿನ ಒಬ್ಬಳು ಮೈಸೂರಿನವಳೇ. ಯಾರ ಜೊತೆಯೂ ಹೆಚ್ಚು ಸೇರುತ್ತಿರಲಿಲ್ಲ. ಅವಳಿಗೆ ಜಂಬ ಅಂತ ನಾನು ಒಂದೂವರೆ ವರ್ಷ ನಂಬಿದ್ದೆ. ಅವಳು ಕ್ಲಾಸ್ ಮುಗಿದ ಕೂಡಲೇ ಬಟ್ಟೆ ಅಂಗಡಿಯಲ್ಲಿ ರಾತ್ರಿ ಒಂಬತ್ತರವರೆಗೆ ಕೆಲಸಕ್ಕೆ ನಿಲ್ಲುತ್ತಿದ್ದಳಂತೆ. ಯುವ ಸಂಭ್ರಮವನ್ನು ಅವಳೂ ನೋಡಿರಲಿಲ್ಲ. ಅದು ಅವಳ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆ ರಾತ್ರಿ ನನ್ನ ಬಗ್ಗೆ ನನಗೆ ನಾಚಿಕೆಯಾಯಿತು. ನನ್ನ ರೈಲನ್ನೇ ನೆನೆದುಕೊಂಡು ಬೇರೆಯವರ ನಾಲ್ಕು ಗಂಟೆಯನ್ನು ನಾನು ವಿಚಾರಿಸಿಯೇ ಇರಲಿಲ್ಲ.

ಅದಕ್ಕೇ ನಿಮಗೆ ಹೇಳುವುದು. ಯಾರಾದರೂ ತಮ್ಮ ಕಾಲೇಜಿನ ಕಥೆ ಹೇಳಿದರೆ, ಅವರು ಎಲ್ಲಿ ಇದ್ದುಕೊಂಡು ಓದಿದರು, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕಿತ್ತು ಅಂತ ಮೊದಲು ಕೇಳಿ. ನನ್ನ ಕಥೆಯನ್ನೂ ಹಾಗೆಯೇ ಅಳೆಯಿರಿ.

ನನ್ನ ಕಾಲಕ್ಕೂ ಈಗಿನದಕ್ಕೂ ಕೆಲವು ವ್ಯತ್ಯಾಸ ಇದೆ. 2021ರಲ್ಲಿ ಡಿಗ್ರಿ ನಾಲ್ಕು ವರ್ಷದ ವ್ಯವಸ್ಥೆಗೆ ಹೋಗಿತ್ತು, 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ರೈಲು ತಪ್ಪಿದರೆ ಬಸ್ಸಿಗೆ ದುಡ್ಡಿದೆಯಾ ಅಂತ ಪರ್ಸ್ ತೆಗೆದು ನೋಡಿಕೊಂಡವಳು ನಾನು. ಇದು ಎಷ್ಟು ಸಂಜೆಗಳನ್ನು ಕೊಟ್ಟಿದೆ ಅಂತ ನನಗೆ ಚೆನ್ನಾಗಿ ಗೊತ್ತು.

ನೀವು ಹಾಸ್ಟೆಲ್‌ನಲ್ಲಿರುತ್ತೀರೋ ಓಡಾಡುತ್ತೀರೋ ಬರೆದಿಲ್ಲ. ಹಾಸ್ಟೆಲ್ ಬೇಕಿದ್ದರೆ ಅಡ್ಮಿಷನ್ ಆದ ತಕ್ಷಣ ಅರ್ಜಿ ಹಾಕಿ. ನಾನು "ನೋಡೋಣ" ಅಂತ ಒಂದು ತಿಂಗಳು ಬಿಟ್ಟು ಹೋದಾಗ ಸೀಟು ತುಂಬಿತ್ತು. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ, ಊಟ-ವಸತಿಗೆ ಸರ್ಕಾರ ಕೊಡುವ ವಿದ್ಯಾಸಿರಿ ನೆರವಿನ ಬಗ್ಗೆ ವಿಚಾರಿಸಿ. ನಮ್ಮ ಕಾಲದಲ್ಲಿ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಓಡಾಡುವುದೇ ಆದರೆ, ಮೊದಲ ವಾರದಲ್ಲೇ ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ತಿಳಿದುಕೊಳ್ಳಿ. ವಾರದಲ್ಲಿ ಯಾವ ದಿನ ತಡವಾಗಿ ಬರುತ್ತೀರಿ ಅಂತ ಮನೆಯಲ್ಲಿ ಮೊದಲೇ ಹೇಳಿಡಿ. ನಾನು ಅದನ್ನು ಕೇಳಲು ಒಂದೂವರೆ ವರ್ಷ ಹೆದರಿದೆ. ಕೇಳಿದ್ದರೆ ಅಪ್ಪ ಮೊದಲ ವರ್ಷವೇ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದರು.