ವಿರಾಜಪೇಟೆಯಿಂದಲೇ ಅಂಪೈರ್ ಆಗಬಹುದಾ?

ಕಾಲೇಜು ಮುಗಿದು ಆಟ ನಿಂತಿದೆ, ವಿರಾಜಪೇಟೆಯಲ್ಲೇ ಇದ್ದು ಹಾಕಿ ಅಂಪೈರ್ ಆಗಿ ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ. ಬೆಂಗಳೂರಿನ ರಘುಪ್ರಸಾದ್ ಲಂಡನ್, ರಿಯೊ, ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಸೀಟಿ ಊದಿದವರು.

ಮೊದಲು ಸ್ಥಳೀಯ ಪಂದ್ಯ, ಆಮೇಲೆ ರಾಜ್ಯ ಸಂಸ್ಥೆ, ಹಾಕಿ ಇಂಡಿಯಾದ ರಾಷ್ಟ್ರೀಯ ಟೂರ್ನಿಗಳು, ಮುಂದೆ ಏಷ್ಯಾ ಒಕ್ಕೂಟ, ಎಫ್‌ಐಎಚ್ ಅಂದರೆ ಅಂತರರಾಷ್ಟ್ರೀಯ ಹಾಕಿ ಒಕ್ಕೂಟ. ನೀವಾಗಿ ಅರ್ಜಿ ಹಾಕಿ ಮೇಲೆ ಹೋಗುವುದಲ್ಲ, ಮೈದಾನದ ಹೊರಗೆ ಕೂತು ಅಂಪೈರ್‌ಗಳನ್ನೇ ನೋಡುವವರು ಇರುತ್ತಾರೆ, ಅವರ ಕಣ್ಣಿಗೆ ಬೀಳಬೇಕು.

ಕಲಿಯಲು ಕೊಡವ ಕುಟುಂಬಗಳೇ ತಂಡಗಳಾಗಿ ಆಡುವ ನಮ್ಮ ಕೌಟುಂಬಿಕ ಹಾಕಿಯಂಥ ಜಾಗ ಬೇರೆಲ್ಲಿದೆ ಹೇಳಿ! 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದದ್ದು, ಈಗ ನೂರಾರು ಒಕ್ಕಗಳು (ಕೊಡವ ಮನೆತನಗಳು). ನಾನು ಮೊದಲ ಸಲ ಊದಿದಾಗ ಚೆಂಡು ಡಿಫೆಂಡರ್ ಕಾಲಿಗೆ ತಾಗಿತೆಂದು ಪೆನಾಲ್ಟಿ ಕಾರ್ನರ್ ಕೊಟ್ಟೆ. ಅಷ್ಟರಲ್ಲಿ ಫಾರ್ವರ್ಡ್ ಚೆಂಡನ್ನು ಗೋಲಿಗೆ ಸೇರಿಸಿಯಾಗಿತ್ತು! ಸೀಟಿ ಊದಿದ ಮೇಲೆ ಗೋಲಿಲ್ಲ. ಅಡ್ವಾಂಟೇಜ್ ಅಂದರೇನು, ಅಂದರೆ ಎದುರಾಳಿ ತಪ್ಪು ಮಾಡಿದರೂ ಇನ್ನೊಂದು ತಂಡಕ್ಕೆ ಲಾಭವಿದ್ದರೆ ಸೀಟಿ ಊದದೆ ಆಟ ಬಿಡಬೇಕು ಅಂತ ಬೌಂಡರಿ ಲೈನಿನಿಂದ ಮಾವಂದಿರೆಲ್ಲ ಸೇರಿ ಕಲಿಸಿದರು.

ಓಟ ಮಾತ್ರ ಬಿಡಬೇಡಿ. 15 ನಿಮಿಷದ ನಾಲ್ಕು ಕ್ವಾರ್ಟರ್, ತಂಡಗಳಿಗೆ ಬದಲಿ ಆಟಗಾರರಿದ್ದಾರೆ, ಅಂಪೈರ್‌ಗಳಾದ ನಮಗೆ ಯಾರೂ ಇಲ್ಲ. ಇಂಗ್ಲಿಷ್ ಮಾತು ಸ್ವಲ್ಪ ರೂಢಿಸಿಕೊಳ್ಳಿ. ದುಡ್ಡಿನ ಆಸೆಗೆ ಬರುವುದಾದರೆ ಕಾಫಿ ತೋಟವೇ ವಾಸಿ.