ಹೆದರಿಕೆ ಇದ್ದರೆ ನಂಬಿಕೆ ಇಲ್ಲವೆಂದೇ?

ಪ್ರಶ್ನೆ: ನಾನು ತೀವ್ರ ನಿಗಾ ಘಟಕದಲ್ಲಿ ನರ್ಸ್. ಮುಂದಿನ ತಿಂಗಳಿನಿಂದ ಇಡೀ ಘಟಕದ ಹೊಣೆ ನನ್ನದಾಗುತ್ತದೆ. ರೋಗಿಯ ಪಕ್ಕದಲ್ಲಿ ನಿಂತಾಗ ನನ್ನ ಕೈ ನಡುಗುವುದಿಲ್ಲ. ಆದರೆ ನನಗಿಂತ ಹಿರಿಯರಿಗೆ ಕೆಲಸ ಹಂಚಬೇಕು, ತಪ್ಪಾದರೆ ಉತ್ತರ ಕೊಡಬೇಕು ಎಂದು ನೆನೆದರೆ ನಿದ್ದೆ ಹಾರಿಹೋಗುತ್ತದೆ. ‘ದೇವರ ಮಕ್ಕಳು ಹೆದರಬಾರದು’ ಎಂದು ನಮ್ಮ ಕ್ರೈಸ್ತ ಸಭೆಯವರು ಹೇಳಿದಾಗ ಇನ್ನಷ್ಟು ಕುಗ್ಗುತ್ತೇನೆ. ನನ್ನ ನಂಬಿಕೆ ಗಟ್ಟಿಯಿಲ್ಲವೇ?

ಉತ್ತರ: ಸಹೋದರಿ, ಸಭಾಪಾಲಕನಾಗಿ ಮೊದಲು ಇದನ್ನು ಹೇಳಿಬಿಡುತ್ತೇನೆ: ನಿಮ್ಮ ಹೆದರಿಕೆ ಪಾಪವಲ್ಲ. ‘ಹೆದರಬೇಡ’ ಎಂದು ದೇವರು ಹೇಳಿದ್ದೆಲ್ಲ ಹೆದರಿ ನಿಂತವರಿಗೇ. ಆ ಮಾತನ್ನು ಗದರಿಕೆಯಾಗಿ ನಿಮ್ಮ ಮುಂದಿಟ್ಟವರ ಬಗ್ಗೆ ನನಗೆ ಬೇಸರವಿದೆ.

ಈ ವಾರ ಬೈಬಲಿನಲ್ಲಿ ನೆಹೆಮೀಯನ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳನ್ನು ನಿಧಾನವಾಗಿ ಓದಿ. ಅವನು ಪಾರಸಿಯ ಅರಸ ಅರ್ತಷಸ್ತನ ಪಾನಸೇವಕ. ಪ್ರವಾದಿಯಲ್ಲ, ಯಾಜಕನೂ ಅಲ್ಲ. ತನ್ನ ಪೂರ್ವಿಕರ ಪಟ್ಟಣವಾದ ಯೆರೂಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿ ಅತ್ತ, ಉಪವಾಸವಿದ್ದ, ತಿಂಗಳುಗಟ್ಟಲೆ ಕಾದ. ಕೊನೆಗೆ ‘ಮುಖ ಬಾಡಿದೆಯೇಕೆ?’ ಎಂದು ಅರಸನೇ ಕೇಳಿದಾಗ ತಾನು ಬಹಳ ಹೆದರಿದೆನೆಂದು ಅವನೇ ಬರೆದಿದ್ದಾನೆ. ಆ ಹೆದರಿಕೆಯಲ್ಲೇ ಬಾಯಿ ತೆರೆದ. ‘ನಿನಗೇನು ಬೇಕು?’ ಎಂದು ಅರಸ ಕೇಳಿದ ಮೇಲೆ, ಉತ್ತರ ಕೊಡುವ ಮುನ್ನ, ನಿಂತಲ್ಲೇ ಪ್ರಾರ್ಥಿಸಿದ. ಒಂದು ಉಸಿರಿನಷ್ಟು ಪ್ರಾರ್ಥನೆ ಇರಬೇಕು. ನಿಮ್ಮ ಘಟಕದಲ್ಲಿ ಮಂಡಿಯೂರಲು ಸಮಯ ಸಿಗದ ಗಳಿಗೆಗಳಿಗೆ ಅಷ್ಟು ಸಾಕು.

ಅನಂತರ, ಆ ಗೋಡೆಯನ್ನು ಮತ್ತೆ ಕಟ್ಟಲು ಅವನು ಕೇಳಿದ್ದನ್ನು ನೋಡಿ. ದಾರಿಯ ದೇಶಾಧಿಪತಿಗಳಿಗೆ ಪತ್ರ, ಅರಣ್ಯಪಾಲಕ ಆಸಾಫನಿಂದ ಮರ. ದೇವರನ್ನು ನಂಬಿದವನು ಮರವನ್ನೂ ಕೇಳಿದ! ಯೆರೂಸಲೇಮಿಗೆ ಬಂದ ಮೇಲೂ ರಾತ್ರಿ ಕೆಲವರನ್ನಷ್ಟೇ ಕರೆದುಕೊಂಡು ಗೋಡೆಯನ್ನು ಸುತ್ತಿ ನೋಡಿ, ಆಮೇಲೆ ಜನರ ಮುಂದೆ ಮಾತೆತ್ತಿದ. ಹಲವರಿಗೆ ತಂತಮ್ಮ ಮನೆಯ ಎದುರಿನ ಭಾಗವೇ ಪಾಲಿಗೆ ಬಂತು. ಶತ್ರುಗಳು ಬೆದರಿಸಿದಾಗ ಪ್ರಾರ್ಥಿಸಿದರು, ಕಾವಲನ್ನೂ ಇಟ್ಟರು. ಗೋಡೆ 52 ದಿನಗಳಲ್ಲಿ ಮುಗಿಯಿತು.

ಹಿರಿಯರ ವಿಷಯ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಎನಿಸುತ್ತದೆ. ತನ್ನ ಜನರನ್ನು ಬಿಡಿಸಲು ಐಗುಪ್ತದ ಅರಸ ಫರೋಹನ ಬಳಿಗೆ ಹೋಗಲು ನಾನು ಎಷ್ಟರವನು ಎಂದು ಮೋಶೆ ಕೇಳಿದಾಗ, ‘ನೀನು ಸಮರ್ಥ’ ಎಂದು ದೇವರು ಹೊಗಳಲಿಲ್ಲ. ನಾನು ನಿನ್ನ ಸಂಗಡ ಇರುತ್ತೇನೆ ಎಂದನು. ಮಾತು ಬಾರದು ಎಂದು ಅವನು ಮತ್ತೆ ಹಿಂಜರಿದಾಗ ದೇವರಿಗೆ ಕೋಪ ಬಂತು, ನಿಜ. ಆದರೂ ಅವನ ಅಣ್ಣ ಆರೋನನನ್ನು ಜೊತೆಗೆ ಕೊಟ್ಟನು. ಮೋಶೆಗಿಂತ ಮೂರು ವರ್ಷ ದೊಡ್ಡವನು ಆರೋನ. ನಿಮ್ಮ ಘಟಕದ ಹಿರಿಯರಲ್ಲಿಯೂ ಒಬ್ಬ ಆರೋನ ಇರಬಹುದು. ಹೊಣೆ ವಹಿಸಿಕೊಳ್ಳುವ ಮುನ್ನವೇ ಅವರ ಬಳಿ ಕುಳಿತು, ‘ನಿಮ್ಮ ಅನುಭವ ನನಗೆ ಬೇಕು’ ಎಂದು ನೇರವಾಗಿ ಹೇಳಿ.

ಈಗಿನ ಮುಖ್ಯಸ್ಥರು ಹೋಗುವ ಮೊದಲು ಅವರೊಂದಿಗೆ ಕೆಲವು ಪಾಳಿ ಮಾಡಲು ಅನುಮತಿ ಕೇಳಿ. ತಪ್ಪಾದಾಗ ಯಾರಿಗೆ, ಹೇಗೆ ತಿಳಿಸಬೇಕೆಂಬುದನ್ನು ಬರೆದು ಪಡೆದುಕೊಳ್ಳಿ. ನಿಮಗೆ ಬೇಕಾದ ಪತ್ರ, ಮರ ಇವೇ. ನಿದ್ದೆ ಹೀಗೆಯೇ ಕೆಟ್ಟರೆ ವೈದ್ಯರಿಗೂ ಹೇಳಿ, ಅದರಲ್ಲಿ ನಂಬಿಕೆಗೆ ಕುಂದೇನಿಲ್ಲ. ಸಭೆಯಲ್ಲಿ ಉಪದೇಶಿಸದೆ ಕೇಳಿಸಿಕೊಳ್ಳುವ ಒಬ್ಬರನ್ನು ಆರಿಸಿ, ಮೊದಲ ದಿನದ ಪಾಳಿಯ ಸಮಯವನ್ನು ತಿಳಿಸಿ, ಆ ಹೊತ್ತಿನಲ್ಲಿ ನಿಮಗಾಗಿ ಪ್ರಾರ್ಥಿಸಲು ಕೇಳಿಕೊಳ್ಳಿ.